ಬಳ್ಳಿಗಾವಿಯ ಪರಮಾಣು, ಬಸ್ರಾದ ಬೆಳಕು

(ಶಿಕಾರಿಪುರದಲ್ಲಿ ಶಿಕಾರಿಪುರ ಹಾಗೂ ಸೊರಬ ತಾಲೂಕುಗಳ ಪಾಲಕರ ಸಭೆಯಲ್ಲಿ ಮಾಡಿದ ಭಾಷಣ)



ಸೊರಬದಿಂದ ಶಿರಾಳಕೊಪ್ಪದ ಮಾರ್ಗವಾಗಿ ಬಂದವರು ಬಳ್ಳಿಗಾವಿಯ ಸಮೀಪದಿಂದಲೇ ಹಾದು ಬಂದಿದ್ದೀರಿ. ಅಲ್ಲಿನ ಕೇದಾರೇಶ್ವರ ದೇವಾಲಯಕ್ಕೆ ಸೇರಿದ್ದ ಕೋಡಿಯ ಮಠವನ್ನು 1162ರ ಶಾಸನವೊಂದು ವರ್ಣಿಸುತ್ತದೆ. ವೇದ, ವ್ಯಾಕರಣಗಳೊಂದಿಗೆ ನ್ಯಾಯ, ವೈಶೇಷಿಕ, ಸಾಂಖ್ಯ, ಬೌದ್ಧ ದರ್ಶನಗಳಿಗೂ ಅಲ್ಲಿ ವ್ಯಾಖ್ಯಾನ ನಡೆಯುತ್ತಿತ್ತು. ಹಸಿದವರಿಗೆ ಅನ್ನ, ರೋಗಿಗಳಿಗೆ ಔಷಧ ದೊರೆಯುತ್ತಿತ್ತು. ನಮ್ಮ ವಿದ್ಯಾಸಂಸ್ಥೆಗಳ ಆಡಳಿತ ಮಂಡಳಿಗಳು ಈ ಪಟ್ಟಿಯನ್ನು ಒಮ್ಮೆ ಓದುವುದೊಳಿತು.

ಇವುಗಳಲ್ಲಿ ವೈಶೇಷಿಕವೆಂಬುದು ಭೌತಶಾಸ್ತ್ರಕ್ಕೆ ಆ ಹೆಸರಿಲ್ಲದ ಕಾಲದ ಭೌತಚಿಂತನೆ. ಪೃಥ್ವಿ, ಜಲ, ತೇಜಸ್ಸು, ವಾಯುಗಳು ಪರಮಾಣುಗಳಿಂದಾಗಿವೆ; ಎರಡು ಪರಮಾಣು ಸೇರಿ ಒಂದು ಜೋಡಿ, ಅಂತಹ ಮೂರು ಜೋಡಿ ಸೇರಿದರೆ ಬಿಸಿಲುಕೋಲಿನಲ್ಲಿ ತೇಲುವ ಧೂಳಿನ ಕಣ. ವಸ್ತು ಬೀಳುವುದು ಗುರುತ್ವದಿಂದ, ಬಿಟ್ಟ ಬಾಣ ಮುಂದೆ ಸಾಗುವುದು ವೇಗವೆಂಬ ಸಂಸ್ಕಾರದಿಂದ.

ಇತ್ತ ನಮ್ಮ ಮದ್ರಸಗಳ ದರ್ಸೆ ನಿಝಾಮಿ ಪಠ್ಯಕ್ರಮದಲ್ಲಿ 'ಮೈಬುಝಿ' ಇತ್ತು. ಅದು 13ನೇ ಶತಮಾನದ ಅಸೀರುದ್ದೀನ್ ಅಬ್‌ಹರಿಯವರ 'ಹಿದಾಯತುಲ್ ಹಿಕ್ಮ'ದ ವ್ಯಾಖ್ಯಾನ. ಅದರ ಭೌತಭಾಗವು ಪರಮಾಣುವಿನ ಖಂಡನೆಯಿಂದಲೇ ಆರಂಭವಾಗುತ್ತದೆ: ಎರಡು ಕಣಗಳ ನಡುವೆ ಮೂರನೆಯದನ್ನಿಡಿ, ಅದು ಅವೆರಡನ್ನೂ ಬೇರ್ಪಡಿಸುವುದಾದರೆ ಅದಕ್ಕೆ ಎರಡು ಬದಿಗಳಿರಲೇಬೇಕು, ಬದಿಗಳಿರುವುದನ್ನು ಅವಿಭಾಜ್ಯವೆನ್ನುವುದು ಹೇಗೆ? ಇಲ್ಮುಲ್ ಕಲಾಮಿನ ವಿದ್ವಾಂಸರಾದರೋ ಬಹುಮಟ್ಟಿಗೆ ಪರಮಾಣುವಿನ ಪರವಾಗಿದ್ದರು. ವಾದ ಸೊಗಸಾಗಿದೆ. ಆದರೆ ಎರಡೂ ಕಡೆ ತೀರ್ಪು ಕೊಡುತ್ತಿದ್ದುದು ತರ್ಕ, ತಕ್ಕಡಿಯಲ್ಲ.

ತಕ್ಕಡಿ ಹಿಡಿದವರಿರಲಿಲ್ಲವೇ? ಇದ್ದರು. ಅಲ್ ಬಿರೂನಿ ಲೋಹ, ರತ್ನಗಳನ್ನು ನೀರಿನಲ್ಲಿ ಮುಳುಗಿಸಿ, ಹೊರಚೆಲ್ಲಿದ ನೀರನ್ನು ತೂಗಿ ಅವುಗಳ ಸಾಂದ್ರತೆಯನ್ನು ಹೋಲಿಸಿದರು. ಬಸ್ರಾದಲ್ಲಿ ಜನಿಸಿ ಕೈರೋದಲ್ಲಿ ನೆಲೆಸಿದ ಇಬ್ನುಲ್ ಹೈಸಮ್ ಸುಮಾರು ಸಾವಿರ ವರ್ಷಗಳ ಹಿಂದೆ 'ಕಿತಾಬುಲ್ ಮನಾಝಿರ್' ಬರೆದರು. ಕತ್ತಲ ಕೋಣೆಯ ಕಿಂಡಿಯೆದುರು ಹಲವು ದೀಪಗಳನ್ನಿಟ್ಟರೆ, ಒಳಗೋಡೆಯ ಮೇಲೆ ಅಷ್ಟೇ ಬೆಳಕಿನ ಚುಕ್ಕೆಗಳು ಮೂಡುತ್ತವೆ. ಒಂದು ದೀಪವನ್ನು ಮುಚ್ಚಿದರೆ ಅದರ ಚುಕ್ಕೆ ಮಾತ್ರ ಮಾಯ. ಒಂದೇ ಕಿಂಡಿಯಲ್ಲಿ ಹಾದರೂ ಬೆಳಕುಗಳು ಬೆರೆಯುವುದಿಲ್ಲ, ನೇರವಾಗಿಯೇ ಸಾಗುತ್ತವೆ. ಹಕ್ಕುಮಂಡನೆಯ ಬದಲು ಪರೀಕ್ಷೆ! ಆ ಗ್ರಂಥದ ಲ್ಯಾಟಿನ್ ಅನುವಾದ 1572ರಲ್ಲಿ ಮುದ್ರಣವಾಯಿತು. 1604ರಲ್ಲಿ ಕೆಪ್ಲರ್ ಬೆಳಕಿನ ಅಧ್ಯಯನವನ್ನು ಅಲ್ಲಿಂದ ಮುಂದಕ್ಕೊಯ್ದರು. ನಮ್ಮ ದರ್ಸೆ ನಿಝಾಮಿಯಲ್ಲಿ ಮೈಬುಝಿ ಉಳಿಯಿತು, ಮನಾಝಿರ್‌ಗೆ ಸ್ಥಾನ ದೊರೆಯಲಿಲ್ಲ.

ಇಂದು ಇಬ್ನುಲ್ ಹೈಸಮರ ಹೆಸರು ನಮ್ಮ ವೇದಿಕೆಗಳಲ್ಲಿ ಮೊಳಗುತ್ತದೆ, ಕಣಾದನ ಹೆಸರು ಬೇರೆ ವೇದಿಕೆಗಳಲ್ಲಿ. ಅತ್ತ ಎರಡೂ ಕಡೆಯ ಮಕ್ಕಳು ಪಿಯುಸಿಯ ಪ್ರಯೋಗ ಪುಸ್ತಕವನ್ನು ಗೆಳೆಯನ ಪುಸ್ತಕ ನೋಡಿ ನಕಲಿಸುತ್ತಿದ್ದಾರೆ. ಉಪಕರಣವನ್ನು ಮುಟ್ಟದೆಯೇ ಅಂಕ ಬರುತ್ತದೆಂದು ನಾವು ಪಾಲಕರೂ ಸುಮ್ಮನಿದ್ದೇವೆ. ಇದಕ್ಕಾಗಿ ಸರಕಾರವನ್ನು ದೂರುವುದು ಸುಲಭ, ಆದರೆ ಕತ್ತಲ ಕೋಣೆಗೆ ಸರಕಾರದ ಅನುದಾನ ಬೇಕಿಲ್ಲ.

ಇಶಾ ನಮಾಝಿನ ಬಳಿಕ ಪಕ್ಕದ ಕೋಣೆಯಲ್ಲಿ ಮೂರು ದೀಪ, ರಂಧ್ರವಿರುವ ಒಂದು ಹಲಗೆಯನ್ನು ಸಿದ್ಧಪಡಿಸಿರುತ್ತೇವೆ. ಹೆಣ್ಣುಮಕ್ಕಳನ್ನೂ ಕರೆತನ್ನಿರಿ. ದೀಪ ಮುಚ್ಚುವ ಕೆಲಸ ಮಕ್ಕಳಿಗೇ ಇರಲಿ.