ಊರಿನ ಬರಹಕ್ಕೆ ಊರಿನದೇ ಮನೆ

(ಬಸವಕಲ್ಯಾಣದಲ್ಲಿ ಸೇರಿದ್ದ ಬಸವಕಲ್ಯಾಣ ಮತ್ತು ಹುಮನಾಬಾದ್ ತಾಲ್ಲೂಕುಗಳ ಯುವಕ-ಯುವತಿ ಮಂಡಳಿಗಳ ಶಿಬಿರದಲ್ಲಿ ಮಾಡಿದ ಭಾಷಣ)



ಊರಿನ ಜಾಲತಾಣವನ್ನು ಊರಿನವರೇ ಕಟ್ಟಿ ನಡೆಸುವುದು ಹೇಗೆ ಎಂಬ ಬಗ್ಗೆ ನಾಲ್ಕು ಮಾತು ಹೇಳಬೇಕೆಂದು ನನಗೆ ಅಪ್ಪಣೆಯಾಗಿದೆ. ನಾನು ಎಂಜಿನಿಯರನಲ್ಲ. ಒಮ್ಮೆ ಕೆಡಿಸಿಕೊಂಡು ಮತ್ತೆ ಕಟ್ಟಿದವನು. ಆದ್ದರಿಂದ ಕೆಟ್ಟ ಕಥೆಯನ್ನೇ ಮೊದಲು ಹೇಳುತ್ತೇನೆ.

ಹುಮನಾಬಾದ್ ತಾಲ್ಲೂಕಿನ ನಮ್ಮ ಊರಿನಲ್ಲಿ ಮಂಡಳಿಯ ಹುಡುಗ ಹುಡುಗಿಯರು ಎರಡು ಬೇಸಿಗೆ ಮನೆಮನೆಗೆ ಹೋಗಿ, ಅಜ್ಜಿಯರು ಹೇಳಿದ ಬೀಸುವ ಹಾಡುಗಳನ್ನು ಫೋನಿನಲ್ಲಿ ಮುದ್ರಿಸಿಕೊಂಡರು. ಎಲ್ಲವನ್ನೂ ಪುಕ್ಕಟೆ ಸಿಗುವ ಒಂದು ತಾಣಕ್ಕೆ ಏರಿಸಿದರು. ಖಾತೆ ಇದ್ದದ್ದು ಒಬ್ಬ ಹುಡುಗನ ಫೋನ್ ನಂಬರಿನ ಮೇಲೆ. ಅವನು ಕೆಲಸಕ್ಕೆಂದು ಪುಣೆಗೆ ಹೋದ, ನಂಬರು ಬದಲಾಯಿತು, ಪಾಸ್‌ವರ್ಡ್ ಮರೆತುಹೋಯಿತು. ಒಂದು ದಿನ ಖಾತೆಗೆ ಬೀಗ ಬಿತ್ತು. ಬರೆದ ಅರ್ಜಿಗಳಿಗೆ ಉತ್ತರ ಬರಲಿಲ್ಲ. ಮತ್ತೆ ಹಾಡಿಸೋಣವೆಂದರೆ, ಹಾಡಿದವರಲ್ಲಿ ಇಬ್ಬರು ಅಜ್ಜಿಯರು ಅಷ್ಟರಲ್ಲಿ ತೀರಿಹೋಗಿದ್ದರು. ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದಷ್ಟೇ ನಮಗೆ ಉಳಿಯಿತು.

ತಪ್ಪು ಯಾರದು? ನಮ್ಮದೇ. ಪರರ ಹೊಲದಲ್ಲಿ ಬೆಳೆದು ರಾಶಿಯನ್ನೂ ಅಲ್ಲಿಯೇ ಬಿಟ್ಟು ಬಂದೆವು. ದೊಡ್ಡ ದೊಡ್ಡ ತಾಣಗಳೂ ಶಾಶ್ವತವಲ್ಲ. ಆರ್ಕುಟ್ 2014ರಲ್ಲಿ ಮುಚ್ಚಿತು. ಜನಸಾಮಾನ್ಯರ ಗೂಗಲ್ ಪ್ಲಸ್ 2019ರಲ್ಲಿ ಮುಚ್ಚಿತು. ಅಲ್ಲಿ ಬರೆದವರು ಸಕಾಲದಲ್ಲಿ ಪ್ರತಿ ತೆಗೆದಿಡದಿದ್ದರೆ ಎಲ್ಲವೂ ಹೋಯಿತು.

ಸ್ವಂತ ತಾಣಕ್ಕೆ ಬೇಕಾದವು ಮೂರು. ಮೊದಲನೆಯದು ಹೆಸರು, ಅಂದರೆ ಡೊಮೇನ್. ಎರಡನೆಯದು ಜಾಗ, ಅಂದರೆ ಹೋಸ್ಟಿಂಗ್. ಮೂರನೆಯದು ಬರೆದು ಪ್ರಕಟಿಸುವ ಸಾಧನ. ಹೆಸರನ್ನು ಮಂಡಳಿಯ ಹೆಸರಿನಲ್ಲಿಯೇ ಕೊಳ್ಳಿರಿ, ಒಬ್ಬ ವ್ಯಕ್ತಿಯ ಹೆಸರಿನಲ್ಲಿ ಬೇಡ. ಮೊದಲ ವರ್ಷದ ದರ ಕಡಿಮೆ ಇಟ್ಟು ಮರುವರ್ಷ ಹೆಚ್ಚಿಸುವ ವಾಡಿಕೆ ಇದೆ. ಕೊಳ್ಳುವಾಗಲೇ ನವೀಕರಣದ ದರ ಕೇಳಿರಿ. ಜಾಗ ಬಾಡಿಗೆಯದಾದರೂ ಸಾಮಾನು ನಮ್ಮದು. ಅಲ್ಲಿ ಸರಿಬೀಳದಿದ್ದರೆ ಸಾಮಾನನ್ನು ಬೇರೆ ಕಡೆ ಒಯ್ಯಬಹುದು. ಹೆಸರು ಮಾತ್ರ ಅದೇ ಉಳಿಯುತ್ತದೆ.

ಸಾಧನವಾಗಿ ನಾವು ವರ್ಡ್‌ಪ್ರೆಸ್ ಎಂಬ ತಂತ್ರಾಂಶವನ್ನು ಆರಿಸಿದೆವು. ಇದು 2003ರಲ್ಲಿ ಹುಟ್ಟಿತು. ಇದಕ್ಕೆ ಬೆಲೆಯಿಲ್ಲ, ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು, ಹಂಚಬಹುದು. ಬರೆಯುವ ಫಲಕವನ್ನು ಕನ್ನಡದಲ್ಲಿಯೂ ಇಟ್ಟುಕೊಳ್ಳಬಹುದು. ಜಾಗ ಕೊಡುವವರಲ್ಲಿ ಬಹುಮಂದಿ ಇದನ್ನು ಒಂದು ಗುಂಡಿ ಒತ್ತಿದರೆ ಸ್ಥಾಪನೆಯಾಗುವಂತೆ ಇಟ್ಟಿರುತ್ತಾರೆ.

ಇನ್ನು ಪ್ಲಗಿನ್ ಎಂದರೇನು? ಟ್ರ್ಯಾಕ್ಟರಿನ ಹಿಂದೆ ಕಟ್ಟುವ ಸಲಕರಣೆ ಇದ್ದಂತೆ. ಉಳುವಾಗ ನೇಗಿಲು, ಬಿತ್ತುವಾಗ ಕೂರಿಗೆ. ಎಲ್ಲವನ್ನೂ ಒಮ್ಮೆಲೇ ಕಟ್ಟಿದರೆ ಟ್ರ್ಯಾಕ್ಟರು ಸಾಗೀತೇ? ವರ್ಡ್‌ಪ್ರೆಸ್ಸಿಗೆ 50 ಸಾವಿರಕ್ಕೂ ಹೆಚ್ಚು ಪ್ಲಗಿನ್‌ಗಳು ಪುಕ್ಕಟೆ ಸಿಗುತ್ತವೆ. ನಾವು ಮೊದಲ ಉತ್ಸಾಹದಲ್ಲಿ ಕಂಡದ್ದನ್ನೆಲ್ಲ ಹಾಕಿದೆವು. ಒಂದು ರಾತ್ರಿ ಎಲ್ಲವನ್ನೂ ಒಟ್ಟಿಗೆ ಹೊಸ ಆವೃತ್ತಿಗೆ ಏರಿಸಿದೆವು. ಬೆಳಗ್ಗೆ ನೋಡಿದರೆ ಪರದೆ ಬರಿ ಬಿಳಿ. ಬಲ್ಲವರೊಬ್ಬರು ಉಪಾಯ ಹೇಳಿಕೊಟ್ಟರು. ಹೋಸ್ಟಿಂಗ್ ಫಲಕದಲ್ಲಿ ಪ್ಲಗಿನ್‌ಗಳ ಫೋಲ್ಡರಿನ ಹೆಸರು ಬದಲಿಸಿದೊಡನೆ ತಾಣ ಎದ್ದಿತು. ಹಳೆಯ ಹೆಸರನ್ನೇ ಮತ್ತೆ ಕೊಟ್ಟು, ಒಂದೊಂದನ್ನೇ ಚಾಲೂ ಮಾಡಿ, ಕೆಟ್ಟದ್ದು ಯಾವುದೆಂದು ಕಂಡುಕೊಂಡೆವು.

ಅಂದಿನಿಂದ ನಾವು ಈ ನಿಯಮಗಳನ್ನು ಇಟ್ಟುಕೊಂಡಿದ್ದೇವೆ.

1. ಕೆಲಸವಿದ್ದರೆ ಮಾತ್ರ ಪ್ಲಗಿನ್. ಒಂದು ಕೆಲಸಕ್ಕೆ ಒಂದೇ.

2. ಅದು ಕೊನೆಯ ಬಾರಿ ಯಾವಾಗ ಸುಧಾರಣೆಯಾಗಿದೆ, ಎಷ್ಟು ತಾಣಗಳು ಬಳಸುತ್ತಿವೆ ಎಂದು ನೋಡತಕ್ಕದ್ದು. ವರ್ಷಗಟ್ಟಲೆ ಯಾರೂ ಮುಟ್ಟದ ಪ್ಲಗಿನ್ ಕಳ್ಳನಿಗೆ ಹಿಂಬಾಗಿಲು.

3. ಬೇಡವಾದುದನ್ನು ನಿಲ್ಲಿಸಿದರೆ ಸಾಲದು, ಅಳಿಸಿಬಿಡತಕ್ಕದ್ದು.

4. ಹಣ ಕೊಟ್ಟು ಕೊಳ್ಳಬೇಕಾದುದರ ಕಳ್ಳಪ್ರತಿ ಬೇಡವೇ ಬೇಡ. ಅದರೊಳಗೆ ಅನೇಕ ವೇಳೆ ವಿಷ ಸೇರಿಸಿರುತ್ತಾರೆ.

5. ಮೊದಲು ಪ್ರತಿ ತೆಗೆದು, ಆಮೇಲೆ ಒಂದೊಂದನ್ನೇ ಹೊಸದಕ್ಕೆ ಏರಿಸತಕ್ಕದ್ದು.

ಈಗ ನಮ್ಮಲ್ಲಿ ಇರುವುದು ನಾಲ್ಕೇ. ಪ್ರತಿ ತೆಗೆಯಲು ಅಪ್‌ಡ್ರಾಫ್ಟ್‌ಪ್ಲಸ್. ಪಾಸ್‌ವರ್ಡಿನ ಮೇಲೆ ಇನ್ನೊಂದು ಸಂಕೇತ ಕೇಳಿ ಒಳಗೆ ಬಿಡುವ ಟೂ-ಫ್ಯಾಕ್ಟರ್. ಪುಟ ಬೇಗ ತೆರೆಯುವಂತೆ ಸಿದ್ಧಪಡಿಸಿಡುವ ಡಬ್ಲ್ಯೂಪಿ ಸೂಪರ್ ಕ್ಯಾಶ್. ಕೊನೆಯದು ಚಿತ್ರಗಳ ಭಾರ ಇಳಿಸುವ ಒಂದು ಪ್ಲಗಿನ್. ಫೋನಿನಲ್ಲಿ ತೆಗೆದ ಚಿತ್ರ ಹಲವು ಎಂಬಿ ತೂಗುತ್ತದೆ. ಸಿಗ್ನಲ್ ಕಡಿಮೆ ಇರುವ ಹೊಲದಲ್ಲಿ ನಿಂತವನಿಗೆ ಅದು ತೆರೆಯುವುದೇ ಇಲ್ಲ.

ಈ ನಾಲ್ಕರಲ್ಲಿ ಮೊದಲನೆಯದೇ ಮುಖ್ಯ. ನಮ್ಮ ಹಿರಿಯರು ಜೋಳವನ್ನು ಹಗೇವಿನಲ್ಲಿ ತುಂಬುತ್ತಿದ್ದರು. ಬೀಜಕ್ಕೆಂದು ಬೇರೆ ತೆಗೆದಿಡುತ್ತಿದ್ದರು. ಬ್ಯಾಕಪ್ ಎಂದರೆ ಆ ಬೀಜದ ಜೋಳ. ವರ್ಡ್‌ಪ್ರೆಸ್ಸಿನಲ್ಲಿ ಬರಹ ಡೇಟಾಬೇಸಿನಲ್ಲಿಯೂ, ಚಿತ್ರ ಮತ್ತು ಧ್ವನಿ ಫೈಲುಗಳಲ್ಲಿಯೂ ಇರುತ್ತವೆ. ಎರಡನ್ನೂ ತೆಗೆಯಬೇಕು, ಒಂದನ್ನೇ ತೆಗೆದರೆ ಅರ್ಧ ಬೆಳೆ. ಪ್ರತಿಯನ್ನು ಅದೇ ಜಾಗದಲ್ಲಿ ಇಡಬೇಡಿರಿ. ನಮ್ಮದು ವಾರಕ್ಕೊಮ್ಮೆ ತಾನಾಗಿ ಬೇರೆ ಕಡೆಗೆ ಹೋಗುತ್ತದೆ. ತಿಂಗಳಿಗೊಮ್ಮೆ ಪೆನ್‌ಡ್ರೈವಿಗೂ ಇಳಿಸುತ್ತೇವೆ. ಬೀಜ ಮೊಳೆಯುವುದೋ ಇಲ್ಲವೋ ಎಂದು ಪರೀಕ್ಷಿಸುವಂತೆ, ವರ್ಷಕ್ಕೆರಡು ಬಾರಿ ಆ ಪ್ರತಿಯಿಂದ ತಾಣವನ್ನು ಬೇರೆ ಕಂಪ್ಯೂಟರಿನಲ್ಲಿ ಎಬ್ಬಿಸಿ ನೋಡುತ್ತೇವೆ.

ಕನ್ನಡದ ಬಗ್ಗೆ ಒಂದು ಎಚ್ಚರಿಕೆ. ನುಡಿಯ ಹಳೆಯ ಅಕ್ಷರವಿನ್ಯಾಸದಲ್ಲಿ ಟೈಪು ಮಾಡಿದ್ದನ್ನು ಹಾಗೆಯೇ ತಾಣಕ್ಕೆ ಹಾಕಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಅದನ್ನು ಯೂನಿಕೋಡಿಗೆ ಪರಿವರ್ತಿಸಿ ಹಾಕಿರಿ. ಆಗ ಎಲ್ಲ ಫೋನುಗಳಲ್ಲಿಯೂ ಓದಬಹುದು, ಹುಡುಕಿದವರಿಗೂ ಸಿಗುತ್ತದೆ. ಹಾಡಿದವರ ಒಪ್ಪಿಗೆ ಪಡೆಯಿರಿ. ಯಾರ ಆಧಾರ್ ಸಂಖ್ಯೆಯನ್ನೂ ಫೋನ್ ನಂಬರನ್ನೂ ಹಾಕಬೇಡಿರಿ.

ತಾಣದ ಕೀಲಿಯನ್ನು ಇಬ್ಬರ ಕೈಯಲ್ಲಿ ಇಡಿರಿ, ಅವರಲ್ಲಿ ಒಬ್ಬರು ಊರಿನಲ್ಲೇ ಇರುವವರಾಗಲಿ. ನಮ್ಮಲ್ಲಿ ಆ ಕೆಲಸವನ್ನು ಒಬ್ಬ ಸೊಸೆ ನೋಡಿಕೊಳ್ಳುತ್ತಾಳೆ. ಪುಣೆಯ ಹುಡುಗ ಅಲ್ಲಿಂದಲೇ ಅವಳಿಗೆ ನೆರವಾಗುತ್ತಾನೆ.

ಹುಮನಾಬಾದ್ ತಾಲ್ಲೂಕಿನ ಜಲಸಂಗ್ವಿಯ ಕಲ್ಮೇಶ್ವರ ದೇವಾಲಯವನ್ನು ನಿಮ್ಮಲ್ಲಿ ಹಲವರು ನೋಡಿದ್ದೀರಿ. ಅಲ್ಲಿ ಕಲ್ಲಿನ ಹೆಣ್ಣೊಬ್ಬಳು ನಿಂತು ಶಾಸನ ಬರೆಯುತ್ತಿದ್ದಾಳೆ. ಅದು ಕಲ್ಯಾಣದ ದೊರೆ ಆರನೆಯ ವಿಕ್ರಮಾದಿತ್ಯನ ಹೊಗಳಿಕೆ. 900 ವರ್ಷ ಆ ಬರಹವನ್ನು ಕಲ್ಲು ಕಾಯ್ದಿತು. ನಮ್ಮ ಅಜ್ಜಿಯರ ಹಾಡಿಗೆ ಅಂಥ ಕಲ್ಲಿಲ್ಲ. ಅದನ್ನು ನಾವೇ ಕಾಯಬೇಕು. ಈ ಶಿಬಿರದಿಂದ ಊರಿಗೆ ಹೋದ ಮೇಲೆ ಮೊದಲು ಒಂದು ಕೆಲಸ ಮಾಡಿರಿ: ನಿಮ್ಮ ಊರಿನ ಬರಹ, ಚಿತ್ರ, ಹಾಡುಗಳು ಈಗ ಎಲ್ಲಿವೆ, ಅವುಗಳ ಕೀಲಿ ಯಾರ ಹತ್ತಿರ ಇದೆ ಎಂದು ಕೇಳಿರಿ. ಉತ್ತರ ತಿಳಿಯದಿದ್ದರೆ ಅಂದೇ ಒಂದು ಪ್ರತಿ ತೆಗೆಯಿರಿ. ತಾಣ ಕಟ್ಟುವುದು ಆಮೇಲಿನ ಮಾತು.