ಹಾಲು ಕರೆಯುವ ಹಸುವಿಗೆ ಬೆಲ್ಲ, ಕಾಕಂಬಿ: ಹಿತವೆಷ್ಟು, ಮಿತಿಯೆಷ್ಟು

(ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿಯಲ್ಲಿ ನೀಡಲಾದ ಉಪನ್ಯಾಸದ ಪಠ್ಯ)



ಕರು ಹಾಕಿದ ಹಸುವಿಗೆ ಬೆಲ್ಲ ತಿನ್ನಿಸುವುದು ನಮ್ಮ ನಾಡಿನ ಹಳೆಯ ವಾಡಿಕೆ. ಮಂಡ್ಯ, ಬೆಳಗಾವಿ, ಬಾಗಲಕೋಟೆಯಂತಹ ಕಬ್ಬಿನ ಜಿಲ್ಲೆಗಳಲ್ಲಿ ಸಕ್ಕರೆ ಕಾರ್ಖಾನೆಯ ಕಾಕಂಬಿಯೂ ಮೇವಿನ ಜೊತೆಗೆ ಬಳಕೆಯಲ್ಲಿದೆ. ಸಿಹಿ ತಿಂದ ಹಸು ಹೆಚ್ಚು ಹಾಲು ಕೊಡುವುದೆಂಬ ನಂಬಿಕೆ ಇದರ ಹಿಂದಿದೆ. ಈ ನಂಬಿಕೆಯಲ್ಲಿ ಅರ್ಧ ಸತ್ಯವಿದೆ. ಉಳಿದರ್ಧವನ್ನು ಅರಿಯದಿದ್ದರೆ ಲಾಭದ ಬದಲು ಹಸುವನ್ನೇ ಕಳೆದುಕೊಳ್ಳಬೇಕಾದೀತು.

ಹಸು ತಿಂದ ಬೆಲ್ಲ ನೇರವಾಗಿ ಕೆಚ್ಚಲಿಗೆ ಹೋಗುವುದಿಲ್ಲ. ಹಸುವಿನ ಹೊಟ್ಟೆಯಲ್ಲಿ ನಾಲ್ಕು ಕೋಣೆಗಳಿವೆ. ಅವುಗಳಲ್ಲಿ ಅತಿ ದೊಡ್ಡದಾದ ರೂಮೆನ್ ಎಂಬ ಕೋಣೆಯಲ್ಲಿ ಕೋಟ್ಯಂತರ ಸೂಕ್ಷ್ಮಜೀವಿಗಳು ವಾಸಿಸುತ್ತವೆ. ಹುಲ್ಲಿನ ನಾರನ್ನು ಜೀರ್ಣಿಸುವವು ಅವೇ. ಸಕ್ಕರೆಯ ಅಂಶವೂ ಮೊದಲು ಅವುಗಳ ಪಾಲಾಗುತ್ತದೆ. ಅವು ಅದನ್ನು ಹುದುಗಿಸಿ ಬಿಡುಗಡೆ ಮಾಡುವ ಆಮ್ಲಗಳೇ ಹಸುವಿಗೆ ಶಕ್ತಿಯನ್ನು ಒದಗಿಸುತ್ತವೆ. ಹಾಲಿನಲ್ಲಿರುವ ಸಕ್ಕರೆಯನ್ನು ಹಸುವಿನ ದೇಹವು ತಾನೇ ತಯಾರಿಸಿಕೊಳ್ಳುತ್ತದೆ.

ಆದುದರಿಂದ ಸಿಹಿಯ ಪ್ರಯೋಜನವು ಅದರ ಜೊತೆಗೆ ನೀಡುವ ಮೇವನ್ನು ಅವಲಂಬಿಸಿದೆ. ಭತ್ತದ ಹುಲ್ಲು, ರಾಗಿ ಹುಲ್ಲನ್ನೇ ನೆಚ್ಚಿಕೊಂಡ ಬೇಸಿಗೆಯಲ್ಲಿ ಸ್ವಲ್ಪ ಕಾಕಂಬಿ ಬೆರೆಸಿದರೆ ಹಸು ಹುಲ್ಲನ್ನು ರುಚಿಯಾಗಿ ತಿನ್ನುತ್ತದೆ, ಸೂಕ್ಷ್ಮಜೀವಿಗಳೂ ಚುರುಕಾಗುತ್ತವೆ. ಆದರೆ ಅವುಗಳಿಗೆ ಸಕ್ಕರೆಯಷ್ಟೇ ಸಾಲದು, ಸಾರಜನಕವೂ ಬೇಕು. ಹಿಂಡಿಯಾಗಲಿ, ದ್ವಿದಳ ಮೇವಾಗಲಿ ಇಲ್ಲದೆ ಬರಿಯ ಬೆಲ್ಲ ನೀಡಿದರೆ ಹಣ ವ್ಯಯವಾಗುವುದೇ ಹೊರತು ಹಾಲು ಹೆಚ್ಚುವುದಿಲ್ಲ.

ಈ ಕೊರತೆಯನ್ನು ನೀಗಿಸಲೆಂದೇ ಕಾಕಂಬಿ, ಯೂರಿಯಾ ಹಾಗೂ ಖನಿಜ ಮಿಶ್ರಣದಿಂದ ತಯಾರಿಸಿದ ನೆಕ್ಕುವ ಇಟ್ಟಿಗೆಗಳು ಬಳಕೆಗೆ ಬಂದಿವೆ. ಒಣಮೇವಿನ ಜೊತೆಗೆ ಹಸು ಇದನ್ನು ನಿಧಾನವಾಗಿ ನೆಕ್ಕಬೇಕು. ಪುಡಿ ಮಾಡಿ ತಿನ್ನಿಸುವುದಾಗಲಿ, ನೀರಿನಲ್ಲಿ ಕರಗಿಸಿ ಕುಡಿಸುವುದಾಗಲಿ ಪ್ರಾಣಾಪಾಯಕ್ಕೆ ದಾರಿ. ಆರು ತಿಂಗಳೊಳಗಿನ ಕರುಗಳಿಗೆ ಇದನ್ನು ನೀಡಲೇಬಾರದು. ಮಳೆನೀರು ತಾಗದ ಕಡೆಯಲ್ಲಿ ಇಡಬೇಕು.

ಇನ್ನು ಅಳತೆಯ ವಿಚಾರ. ಪಶು ಆಹಾರದ ಮಿಶ್ರಣದಲ್ಲಿ ಕಾಕಂಬಿಯ ಪ್ರಮಾಣ ಶೇ. 10ನ್ನು ಮೀರದಿರುವುದು ಕ್ಷೇಮ. ಮಿಶ್ರತಳಿ ಹಸುವಿಗೆ ದೇಹಪೋಷಣೆಗೆಂದು 2 ಕೆ.ಜಿ., ಪ್ರತಿ 2.5 ಲೀಟರ್ ಹಾಲಿಗೆ 1 ಕೆ.ಜಿ. ಪಶು ಆಹಾರ ನೀಡುವುದು ರೂಢಿಯ ಲೆಕ್ಕ. ಅದರಂತೆ ದಿನಕ್ಕೆ 10 ಲೀಟರ್ ಹಾಲು ಕೊಡುವ ಹಸುವಿಗೆ 6 ಕೆ.ಜಿ. ಪಶು ಆಹಾರ, ಕಾಕಂಬಿಯ ಮಿತಿ 600 ಗ್ರಾಂ. ಚೀಲದಲ್ಲಿ ಬರುವ ಪಶು ಆಹಾರದಲ್ಲಿ ಅನೇಕ ವೇಳೆ ಕಾಕಂಬಿ ಮೊದಲೇ ಸೇರಿರುತ್ತದೆ. ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಹೊಸದಾಗಿ ಆರಂಭಿಸುವವರು ಒಂದು ಹಿಡಿಯಿಂದ ತೊಡಗಿ, ಹತ್ತು ಹದಿನೈದು ದಿನಗಳಲ್ಲಿ ಹಂತಹಂತವಾಗಿ ಹೆಚ್ಚಿಸಬೇಕು.

ಮಿತಿ ಮೀರಿದರೆ ಆಗುವ ಅನಾಹುತಕ್ಕೆ ನಮ್ಮ ಊರುಗಳಲ್ಲಿ ಹೆಚ್ಚಾಗಿ ಕಾರಣವಾಗುವುದು ಕಾಕಂಬಿಯಲ್ಲ, ಔತಣದ ಊಟ. ಮದುವೆ ಅಥವಾ ಜಾತ್ರೆ ಮುಗಿದ ಮೇಲೆ ಉಳಿದ ಅನ್ನ, ಪಾಯಸ, ಹೋಳಿಗೆಗಳನ್ನು ಚೆಲ್ಲಬಾರದೆಂಬ ಸದುದ್ದೇಶದಿಂದ ದನಗಳ ಮುಂದೆ ಸುರಿಯಲಾಗುತ್ತದೆ. ಪಿಷ್ಟವೂ ಸಕ್ಕರೆಯೂ ಒಮ್ಮೆಲೇ ಹುದುಗಿ ರೂಮೆನ್‌ನಲ್ಲಿ ಲ್ಯಾಕ್ಟಿಕ್ ಆಮ್ಲ ತುಂಬಿಕೊಳ್ಳುತ್ತದೆ. ನಾರು ಜೀರ್ಣಿಸುವ ಜೀವಿಗಳು ಸಾಯುತ್ತವೆ. ಹಸು ಮೇವು ಬಿಡುತ್ತದೆ, ಮೆಲುಕು ನಿಲ್ಲಿಸುತ್ತದೆ. ಹೊಟ್ಟೆ ಉಬ್ಬುತ್ತದೆ, ಹುಳಿವಾಸನೆಯ ನೀರು ಸಗಣಿ ಹಾಕುತ್ತದೆ, ತೂರಾಡಿ ನೆಲ ಹಿಡಿಯುತ್ತದೆ. ಒಂದೆರಡು ದಿನಗಳಲ್ಲಿ ಸಾವೂ ಸಂಭವಿಸಬಹುದು. ಇಂತಹ ಲಕ್ಷಣ ಕಂಡೊಡನೆ ಮನೆಮದ್ದಿಗೆ ಕಾಯದೆ ಪಶುವೈದ್ಯರನ್ನು ಕರೆಯಬೇಕು. 1962 ಪಶು ಸಹಾಯವಾಣಿಗೂ ಕರೆ ಮಾಡಬಹುದು.

ಮಿತಿ ಮೀರಿದ ಸಿಹಿ ಹಸುವನ್ನು ಕೊಲ್ಲದಿದ್ದರೂ ಹಾಲಿನ ಜಿಡ್ಡಿನಂಶವನ್ನು ಇಳಿಸುತ್ತದೆ. ಹಾಲು ಉತ್ಪಾದಕರ ಸಂಘದಲ್ಲಿ ಜಿಡ್ಡಿನಂಶಕ್ಕೆ ತಕ್ಕಂತೆ ದರ ಸಿಗುವುದರಿಂದ, ಲೀಟರ್ ಹೆಚ್ಚಿದರೂ ಕೈಗೆ ಬರುವ ಹಣ ಹೆಚ್ಚದಿರಬಹುದು.

ಇದರಲ್ಲಿ ಗ್ರಾಮ ಪಂಚಾಯಿತಿಯ ಪಾತ್ರವೇನು? ಸಂವಿಧಾನದ ಹನ್ನೊಂದನೆಯ ಅನುಸೂಚಿಯ 29 ವಿಷಯಗಳಲ್ಲಿ ಪಶುಸಂಗೋಪನೆ, ಹೈನುಗಾರಿಕೆಯೂ ಇದೆ. ಇಂಧನ ಮತ್ತು ಮೇವು ಎಂಬುದೂ ಇದೆ. ಆದುದರಿಂದ ಮೇವಿನ ಚರ್ಚೆಯು ಗ್ರಾಮಸಭೆಗೆ ಹೊರಗಿನದಲ್ಲ. ಮದುವೆ, ಜಾತ್ರೆಗಳ ಕಾಲದಲ್ಲಿ ಉಳಿದ ಊಟವನ್ನು ದನಗಳಿಗೆ ಸುರಿಯಬಾರದೆಂದು ಡಂಗುರ ಸಾರಿಸಬಹುದು. ಅದನ್ನು ಗೊಬ್ಬರದ ಗುಂಡಿಗೆ ಸೇರಿಸುವ ಏರ್ಪಾಡು ಮಾಡಬಹುದು. ದನಗಳ ನೀರಿನ ತೊಟ್ಟಿಗಳನ್ನು ಸುಸ್ಥಿತಿಯಲ್ಲಿಡಬಹುದು. ಗೋಮಾಳದಲ್ಲಿ ಮೇವು ಬೆಳೆಸುವ ಬಗ್ಗೆ ನಿರ್ಣಯ ಕೈಗೊಳ್ಳಬಹುದು. ಪಶುವೈದ್ಯರನ್ನು ಸಭೆಗೆ ಕರೆಸಿ ಮಾತನಾಡಿಸಬಹುದು.

ಒಂದೇ ಹಸುವಿರುವ ಮನೆಯಲ್ಲಿ ಆ ಹಸು ಸತ್ತರೆ ಮಕ್ಕಳ ಶಾಲೆಯ ಖರ್ಚಿಗೂ ಸಂಘದ ಸಾಲದ ಕಂತಿಗೂ ದಾರಿ ಮುಚ್ಚುತ್ತದೆ. ಮೊದಲು ಹಸಿಮೇವು, ಹಿಂಡಿ, ಖನಿಜ ಮಿಶ್ರಣ, ಬೇಕಾದಷ್ಟು ನೀರು. ಆನಂತರ ಅಳತೆಯ ಸಿಹಿ. ಸದಸ್ಯರು ತಮ್ಮ ತಮ್ಮ ವಾರ್ಡಿನ ಹೈನುಗಾರರಿಗೆ, ವಿಶೇಷವಾಗಿ ಹಸುವಿನ ಆರೈಕೆಯ ಹೊಣೆ ಹೊತ್ತ ಮಹಿಳೆಯರಿಗೆ, ಈ ಕ್ರಮವನ್ನು ತಿಳಿಯಪಡಿಸಬೇಕೆಂದು ಕೋರಲಾಗಿದೆ.