ಉಳುವವನೇ ಒಡೆಯ ಅಂದರು, ಕಳೆ ತೆಗೆಯುವಾಕಿ ಯಾರು?

(ದುಮ್ಮವಾಡದಲ್ಲಿ ಕೂಡಿದ ಕೂಲಿಕಾರರ ಸಭೆಯಲ್ಲಿ ಆಡಿದ ಮಾತಿನ ಬರಹ ರೂಪ)



ಹಗಲೆಲ್ಲಾ ಹೊಲದಾಗ ಬಗ್ಗಿ ಬಂದವರ ಮುಂದೆ ಉದ್ದಕ್ಕೆ ಮಾತಾಡೋದು ಪಾಪದ ಕೆಲಸ. ಆದರೂ ಕೂತೀರಿ. ನಾವು ಬಿ.ಎ. ಓದಿದ ಹುಡುಗರು, ಅಷ್ಟಿಷ್ಟು ಕವಿತೆ ಬರೆಯೋರು. ನಿಮಗೆ ಬುದ್ಧಿ ಹೇಳಲಿಕ್ಕೆ ಬಂದಿಲ್ಲ. ಕೂಲಿಯ ಮಾತಾಡಲಿಕ್ಕೆ ಬಂದೀವಿ. ನಾವು ಓದಿದ್ದೇ ನಮ್ಮ ಅವ್ವಂದಿರ ಕೂಲಿಯ ಮೇಲೆ. ಆ ಸಾಲ ಇನ್ನೂ ಹರಿದಿಲ್ಲ.

ನಮ್ಮ ನಾಡಿನಲ್ಲಿ ಒಂದು ದೊಡ್ಡ ಘೋಷಣೆ ಆಗಿಹೋಯಿತು. ‘ಉಳುವವನೇ ಹೊಲದೊಡೆಯ.’ ದೇವರಾಜ ಅರಸರ ಕಾಲದ ಭೂಸುಧಾರಣೆ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಗೇಣಿದಾರರು ಏಳನೇ ನಮೂನೆ ತುಂಬಿ ಭೂ ನ್ಯಾಯಮಂಡಳಿಗೆ ಕೊಟ್ಟರು, ಎಷ್ಟೋ ಮಂದಿ ಹೊಲದ ಮಾಲಕರಾದರು. ಇದು ಸಣ್ಣ ಮಾತಲ್ಲ. ಅರಸರ ಹೆಸರು ಹೇಳಿ ದೀಪ ಹಚ್ಚುವ ಮನೆಗಳು ಇವತ್ತಿಗೂ ಅದಾವ. ಆದರೆ ಆ ಕಾನೂನಿನಲ್ಲಿ ‘ಉಳುವವ’ ಅಂದರೆ ಯಾರು? ಲಾವಣಿ ಹಿಡಿದವ. ದಿನಗೂಲಿಗೆ ನೇಗಿಲು ಹಿಡಿದವನಲ್ಲ. ಲಾವಣಿ ಹಿಡಿಯಬೇಕಾದರೆ ಎತ್ತು ಬೇಕು, ಬೀಜ ಬೇಕು, ಊರೊಳಗ ನಾಕು ಮಂದಿಯ ನಂಬಿಗೆ ಬೇಕು. ಕೇರಿಯವನನ್ನು ಕರೆದು ‘ತಗೋಪಾ, ಈ ಹೊಲ ಲಾವಣಿಗೆ ಮಾಡು’ ಅಂದವರು ಎಷ್ಟು ಮಂದಿ? ಹಿಂಗಾಗಿ ನಮ್ಮ ಹಿರಿಯರು ಉತ್ತರು, ಒಡೆಯರಾಗಲಿಲ್ಲ. ಇನ್ನು ಕಳೆ ತೆಗೆಯುವಾಕಿಗೆ ಆ ಘೋಷಣೆಯೊಳಗ ಜಾಗವೇ ಇರಲಿಲ್ಲ.

ಕೆಲವರಿಗೆ ಸರ್ಕಾರದ ಮಂಜೂರಿ ಹೊಲ ಸಿಕ್ಕಿತು. ಸಿಕ್ಕದ್ದು ಮದುವೆಗೆ, ಮಣ್ಣಿಗೆ, ಬರಗಾಲಕ್ಕೆ ಸಾಲದವರ ಕೈ ಸೇರಿತು. ಅದನ್ನು ತಿರುಗಿ ಕೊಡಿಸಲಿಕ್ಕೆ 1978ರ ಕಾಯ್ದೆ ಬಂತು, ಪಿ.ಟಿ.ಸಿ.ಎಲ್. ಅಂತ ಕರೀತಾರಲ್ಲ, ಅದು. 1984ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. 2017ರಲ್ಲಿ ಅದೇ ಕೋರ್ಟು ‘ತಡಮಾಡಿ ಬಂದರೆ ಆಗದು’ ಅಂದಿತು. 2023ರಲ್ಲಿ ವಿಧಾನಸಭೆ ತಿದ್ದುಪಡಿ ಮಾಡಿ ‘ಕಾಲಮಿತಿ ಇಲ್ಲ’ ಅಂದಿತು. ಕಾಗದದ ಮೇಲೆ ಹೊಲ ಹಿಂಗ ಹೋಗಿ ಬಂದು ಮಾಡತಿರುವಾಗ ನಾವು ಅದೇ ಹೊಲಕ್ಕೆ ಕೂಲಿಗೆ ಹೋಗತಿದ್ದಿವಿ.

ಈಗ ನವಲಗುಂದದ ಮಾತಿಗೆ ಬರೋಣ. ನಮ್ಮ ಜಿಲ್ಲೆಯಲ್ಲಿ ಹೋರಾಟ ಅಂದಕೂಡಲೇ ನವಲಗುಂದ, ನರಗುಂದ ಅಂತಾರ. ಅನ್ನಬೇಕಾದ್ದೇ. ಮಲಪ್ರಭಾ ಕಾಲುವೆಯ ನೀರು ಹೊಲಕ್ಕೆ ನೆಟ್ಟಗೆ ಬರಲಿಲ್ಲ, ಅಭಿವೃದ್ಧಿ ಕರದ ನೋಟೀಸು ಮಾತ್ರ ಬಂತು. 1980ರ ಜುಲೈ 21ರಂದು ರೈತರು ಎದ್ದರು. ಗುಂಡೂರಾಯರ ಸರ್ಕಾರದ ಪೊಲೀಸರು ಗುಂಡು ಹಾರಿಸಿದರು. ನವಲಗುಂದದಲ್ಲಿ ಅಳಗವಾಡಿಯ ಬಸಪ್ಪ ಲಕ್ಕುಂಡಿ ಬಿದ್ದರು, ನರಗುಂದದಲ್ಲಿ ಚಿಕ್ಕನರಗುಂದದ ವೀರಪ್ಪ ಕಡ್ಲಿಕೊಪ್ಪ ಬಿದ್ದರು. ಸಿಟ್ಟಿಗೆದ್ದ ಜನರ ಕೈಯಲ್ಲಿ ಪೊಲೀಸರೂ ಸತ್ತರು. ಅವರೂ ಬಡವರ ಮಕ್ಕಳೇ, ಅದನ್ನು ಮರೆತು ಮಾತಾಡಬಾರದು. ಆ ಬೆಂಕಿಯಿಂದಲೇ ರಾಜ್ಯ ರೈತ ಸಂಘ ಬೆಳೆಯಿತು. ಜುಲೈ 21 ಬಂತೆಂದರೆ ಇವತ್ತಿಗೂ ಹುತಾತ್ಮರಿಗೆ ಮಾಲೆ ಹಾಕತಾರ. ನಾವೂ ಹಾಕತೀವಿ.

ಮಾಲೆ ಹಾಕಿ ಒಂದು ಮಾತು ಕೇಳತೀವಿ. ಆ ಹೋರಾಟದ ಕೇಳಿಕೆಯಲ್ಲಿ ಕರ ಇತ್ತು, ಸಾಲ ಇತ್ತು, ಬೆಳೆಯ ಬೆಲೆ ಇತ್ತು. ಆಳಿನ ಕೂಲಿಯ ಮಾತು ಎಷ್ಟು ಗಟ್ಟಿಯಾಗಿ ಕೇಳಿತು? ಹೊಲದವನ ಬೆವರಿಗೆ ಬೆಲೆ ಬೇಕು ಅನ್ನೋರಿಗೆ ಹೊಲಕ್ಕೆ ಬಂದವಳ ಬೆವರು ಯಾಕ ಕಾಣಲಿಲ್ಲ? ಇದು ಜಗಳದ ಮಾತಲ್ಲ. 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಿತ್ತುಹಾಕಿ, ರೊಕ್ಕ ಇದ್ದ ಯಾರು ಬೇಕಾದರೂ ಹೊಲ ಕೊಳ್ಳಬಹುದು ಅಂತ ಮಾಡಿದಾಗ ರೈತರು, ದಲಿತರು, ಕಾರ್ಮಿಕರು ಒಂದೇ ವೇದಿಕೆ ಹತ್ತಿದರು. ಬೆಂಗಳೂರಿನ ವೇದಿಕೆಯ ಮೇಲೆ ಕೂಡೋದು ಸುಲಭ. ದುಮ್ಮವಾಡದ ಬದುವಿನ ಮೇಲೆ ಕೂಡೋದು ಬಿಗಿ.

ಯಾಕ ಬಿಗಿ? ಬಾಬಾಸಾಹೇಬರು ಇದನ್ನು ಗಿರಣಿಯೊಳಗೇ ಕಂಡಿದ್ದರು. ಮುಂಬೈ ಬಟ್ಟೆ ಗಿರಣಿಗಳಲ್ಲಿ ನೇಯ್ಗೆ ಖಾತೆಗೆ ಪಗಾರ ಹೆಚ್ಚು. ಅಲ್ಲಿ ಹರಿದ ನೂಲನ್ನು ಬಾಯಿಂದ ಎಳೆಯಬೇಕಾಗತಿತ್ತು. ಅಸ್ಪೃಶ್ಯನ ಬಾಯಿ ತಾಗಿದ ನೂಲನ್ನು ಹೆಂಗ ಮುಟ್ಟೋದು ಅಂತ ನಮ್ಮವರನ್ನು ಆ ಖಾತೆಗೆ ಬಿಡಲಿಲ್ಲ. ಬಿಡದವ ಮಾಲಕ ಒಬ್ಬನೇ ಅಲ್ಲ, ಮಗ್ಗದ ಮುಂದಿನ ಕಾರ್ಮಿಕನೂ ಹೌದು. 1928ರ ದೊಡ್ಡ ಮುಷ್ಕರದ ಹೊತ್ತಿಗೆ ಬಾಬಾಸಾಹೇಬರು ಈ ಅನ್ಯಾಯವನ್ನೂ ನಿಮ್ಮ ಬೇಡಿಕೆಯೊಳಗೆ ಸೇರಿಸಿ ಅಂತ ಪಟ್ಟು ಹಿಡಿದರು. 1936ರಲ್ಲಿ ಅವರು ಕಟ್ಟಿದ ಪಕ್ಷದ ಹೆಸರೇ ಸ್ವತಂತ್ರ ಕಾರ್ಮಿಕ ಪಕ್ಷ. 1938ರ ಜನವರಿಯಲ್ಲಿ ಕೊಂಕಣದ ಗೇಣಿದಾರರನ್ನು ಮುಂಬೈ ಶಾಸನಸಭೆಗೆ ನಡೆಸಿಕೊಂಡು ಹೋದರು. ಅದೇ ನವೆಂಬರಿನಲ್ಲಿ ಮುಷ್ಕರದ ಹಕ್ಕಿಗಾಗಿ ಕಮ್ಯುನಿಸ್ಟರ ಜೋಡಿ ನಿಂತು ಒಂದು ದಿನ ಗಿರಣಿ ನಿಲ್ಲಿಸಿದರು. ನಮ್ಮ ಧಾರವಾಡ ಜಿಲ್ಲೆಯೂ ಆಗ ಮುಂಬೈ ಇಲಾಖೆಯೊಳಗೇ ಇತ್ತು. ಇದು ಪರದೇಶದ ಕಥೆ ಅಲ್ಲ, ನಮ್ಮದೇ. ವೈಸರಾಯ್ ಕೌನ್ಸಿಲಿನ ಕಾರ್ಮಿಕ ಸದಸ್ಯರಾಗಿದ್ದಾಗ 1946ರಲ್ಲಿ ಕನಿಷ್ಠ ಕೂಲಿಯ ಮಸೂದೆ ಮಂಡಿಸಿದವರೂ ಅವರೇ. ಅದು 1948ರಲ್ಲಿ ಕಾಯ್ದೆ ಆಯಿತು. ಅದರ ಪಟ್ಟಿಯೊಳಗ ಹೊಲದ ಕೆಲಸವೂ ಇತ್ತು. 1976ರಲ್ಲಿ ಹೆಣ್ಣು ಗಂಡಿಗೆ ಸಮಾನ ವೇತನದ ಕಾಯ್ದೆ ಬಂತು. ಎರಡನ್ನೂ 2019ರ ವೇತನ ಸಂಹಿತೆಯೊಳಗ ಕೂಡಿಸಿದರು. ಹೆಸರು ಬದಲಾಯಿತು. ಸಂಜೀಮುಂದ ಬದುವಿನ ಮೇಲೆ ರೊಕ್ಕ ಎಣಿಸೋ ಕೈ ಬದಲಾಗಲಿಲ್ಲ.

ಇಲ್ಲೇ ಮಗ್ಗಲಿಗೆ ನೀರಸಾಗರ ಕೆರೆ ಐತಿ. ಹುಬ್ಬಳ್ಳಿಗೆ ನೀರು ಕೊಡಲಿಕ್ಕೆ ಕಟ್ಟಿದ್ದು. ನೀರು ಹೋದ ದಾರಿಯಲ್ಲೇ ಈಗ ಗಂಡಸರೂ ಹೋಗತಾರ. ಮುಂಜಾನೆ ಟಂಟಂ ಹತ್ತಿ ಗೌಂಡಿ ಕೆಲಸಕ್ಕೆ ಹೋದರೆ ಬರೋದು ಕತ್ತಲಾದ ಮೇಲೆ. ಹೊಲದ ಕೆಲಸ ಉಳಿದದ್ದು ಹೆಣ್ಣುಮಕ್ಕಳ ಬೆನ್ನಿನ ಮೇಲೆ. ಸೋಯಾ, ಗೋವಿನಜೋಳ, ಹತ್ತಿ, ಭತ್ತ, ಯಾವುದರ ಕಳೆಯೂ ಆಕಿ ಬಗ್ಗದೆ ಹೋಗೋದಿಲ್ಲ. ಆದರೂ ಗಂಡಾಳಿಗೆ ಒಂದು ಲೆಕ್ಕ, ಹೆಣ್ಣಾಳಿಗೆ ಒಂದು ಲೆಕ್ಕ. ಕೇಳಿದರೆ ‘ಅದು ಮೊದಲಿಂದ ಬಂದ ಪದ್ಧತಿ’ ಅಂತಾರ. ಹತ್ತಿ ಬಿಡಿಸುವಾಗ ಕಿಲೋ ಲೆಕ್ಕ ಹಿಡಿದರೆ ಆ ಪದ್ಧತಿ ಎಲ್ಲಿ ಹೋಗತೈತಿ? ತಕ್ಕಡಿ ಗಂಡು ಹೆಣ್ಣು ಕೇಳೋದಿಲ್ಲ, ಜಾತೀನೂ ಕೇಳೋದಿಲ್ಲ. ಮನುಷ್ಯನೇ ಕೇಳತಾನ.

ನಾಕೆಕರೆಯ ರೈತ ಅಂತಾನ: ‘ಮಾಲಿಗೆ ಬೆಲೆ ಇಲ್ಲ, ನಿಮಗೆಲ್ಲಿಂದ ಕೊಡಲಿ?’ ಅವನ ಮಾತು ಸುಳ್ಳಲ್ಲ. ಅವನ ಬೆಲೆಯ ಹೋರಾಟಕ್ಕೆ ನಾವು ಬರತೀವಿ, ನಮ್ಮ ಕೂಲಿಯ ಹೋರಾಟಕ್ಕೆ ಅವನೂ ಬರಲಿ. ಹೊಲ ಬಹಳ ಇದ್ದವ ಅಂತಾನ: ‘ಹೆಚ್ಚು ಕೇಳಿದರೆ ಕಳೆ ಎಣ್ಣಿ ಹೊಡೆಸತೀನಿ, ಆಳೇ ಬ್ಯಾಡ.’ ಇದಕ್ಕ ಮಾತ್ರ ಹುಷಾರಿ ಬೇಕು. ಎಣ್ಣಿ ಕಳೆ ಸುಡತೈತಿ, ಹತ್ತಿ ಬಿಡಿಸೋದಿಲ್ಲ, ಮೆಣಸಿನಕಾಯಿ ಹರಿಯೋದಿಲ್ಲ. ಬೆಳೆ ಕೈಗೆ ಬರೋ ಹೊತ್ತಿಗೆ ಅವಗ ನಮ್ಮ ಕೈ ಬೇಕೇ ಬೇಕು. ಕೇಳೋದು ಆವಾಗ. ಒಬ್ಬೊಬ್ಬರೇ ಹೋಗಿ ಕೇಳೋದಲ್ಲ. ಒಬ್ಬಾಕಿ ಕೇಳಿದರೆ ಮರುದಿನ ಟಂಟಂ ತುಂಬ ಬೇರೆ ಊರಿನ ಆಳು ಬರತಾರ. ಬರೋರೂ ನಮ್ಮಂಥವರೇ, ಅವರ ಮೇಲೆ ಸಿಟ್ಟು ಮಾಡಿ ಉಪಯೋಗ ಇಲ್ಲ. ಅವರ ಊರಿಗೂ ನಾವು ಹೋಗಬೇಕು.

ಅದಕ್ಕಿಂತ ಮೊದಲು ನಮ್ಮ ಊರೊಳಗಿನ ಕೆಲಸ ಐತಿ. ಒಂದೇ ಸಾಲು ಹಿಡಿದು ಲಿಂಗಾಯತರ ಬಡವಿ, ಕುರುಬರಾಕಿ, ಸಾಬರಾಕಿ, ನಮ್ಮಾಕಿ ಎಲ್ಲಾರೂ ಬಗ್ಗತಾರ. ಕುರ್ಚಿಗಿ ಒಂದೇ ತರಹದ್ದು, ಬೆನ್ನುನೋವು ಒಂದೇ. ನೀರಡಿಕೆ ಆದಾಗ ಮಾತ್ರ ನಮ್ಮಾಕಿಯ ಬೊಗಸೆಗೆ ಮೇಲಿಂದ ನೀರು ಸುರೀತಾರ. ಆ ತಂಬಿಗೆ ಮೇಲೆ ಇರೋತನಕ ಮಾಲಕನಿಗೆ ಪೊಲೀಸರ ಅಗತ್ಯ ಇಲ್ಲ. ಅದಕ್ಕ ನಮ್ಮ ಬೇಡಿಕೆ ಎರಡು ಅಲ್ಲ, ಒಂದೇ: ಒಂದೇ ಕೂಲಿ, ಒಂದೇ ಕೊಡ. ಮೊದಲು ಕೂಲಿ ಆಗಲಿ, ಕೊಡದ ಮಾತು ಆಮೇಲೆ ಅನ್ನೋ ಗೆಳೆಯರು ಅದಾರ. ಒಳ್ಳೆಯವರೇ. ಅವರಿಗೆ ಗಿರಣಿಯ ನೂಲಿನ ಕಥೆ ಇನ್ನೊಮ್ಮೆ ಹೇಳತೀವಿ.

ನಾಳೆಯಿಂದ ನಮ್ಮ ಹುಡುಗರು, ಹುಡುಗಿಯರು ನೋಟ್‌ಬುಕ್ ಹಿಡಿದು ಮನೆಮನೆಗೆ ಬರತಾರ. ಯಾರ ಹೊಲ, ಎಷ್ಟು ತಾಸು, ಗಂಡಾಳಿಗೆ ಎಷ್ಟು, ಹೆಣ್ಣಾಳಿಗೆ ಎಷ್ಟು, ಮುಂಗಡ ಎಷ್ಟು ಮುರಕೊಂಡರು, ಎಲ್ಲಾ ಬರೆಸಿರಿ. ಹೆಸರು ಹೇಳಲಿಕ್ಕೆ ಅಂಜಿಕೆ ಇದ್ದರೆ ಹೆಸರು ಬಿಟ್ಟು ಬರೆಸಿರಿ. ನಮ್ಮ ಕೇರಿ ಮುಗಿದ ಮೇಲೆ ಬೇರೆ ಓಣಿಗಳಿಗೂ ಹೋಗತೀವಿ. ಅಲ್ಲಿ ಅವ್ವಂದಿರು ಒಳಗ ಕರೆದರೆ ಒಳಗ ಕೂತು ಬರಕೋತೀವಿ. ಹೊರಗ ನಿಲ್ಲಿಸಿ ಮಾತಾಡಿದರೆ ಹೊರಗೇ ನಿಂತು ಬರಕೋತೀವಿ, ಹೊರಗ ನಿಲ್ಲಿಸಿದ್ದನ್ನೂ ಬರಕೋತೀವಿ.